ಸಿಬಿಲ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ರಿಪೋರ್ಟ್ ಓದುವವರು ಕಡಿಮೆ

ಈಗ ದಾವಣಗೆರೆಯಲ್ಲಿ ಬೈಕ್ ಶೋರೂಮಿಗೆ ಹೋದರೂ, ಮನೆ ಸಾಲಕ್ಕೆ ಬ್ಯಾಂಕಿಗೆ ಹೋದರೂ ಮೊದಲು ಬರುವ ಪ್ರಶ್ನೆ ಒಂದೇ: "ಸಿಬಿಲ್ ಎಷ್ಟೈತಿ?" 780 ಅಂದರೆ ಕುರ್ಚಿ ಕೊಡುತ್ತಾರೆ, 620 ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಸಾಲದ ಕಂತು ಹೇಗೆ ಕಟ್ಟಿದ್ದೀರಿ ಎಂದು ನೋಡಿ ಕೊಡುವ ಸ್ಕೋರ್ ಅದು. ಆ ಅಂಕಿ ಎಲ್ಲಿಂದ ಬಂತು ಎಂದು ಸಾಲಗಳ ಪೂರ್ತಿ ದಾಖಲೆಯಾದ ಕ್ರೆಡಿಟ್ ರಿಪೋರ್ಟನ್ನು ಬಿಚ್ಚಿ ನೋಡುವವರು ಕಡಿಮೆ. ಹಲವು ವರ್ಷಗಳಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನಗೆ ಊರಿಗೆ ಬಂದಾಗ ಎದ್ದು ಕಾಣುವ ವ್ಯತ್ಯಾಸ ಇದು.

ಸಾಲದ ವಿಷಯದಲ್ಲಿ ಅಲ್ಲಿನವರು ನಮಗಿಂತ ಜಾಣರು ಅಂತಲ್ಲ. ಕ್ರೆಡಿಟ್ ಕಾರ್ಡ್ ಸಾಲದಲ್ಲಿ ಮುಳುಗಿದವರು ಅಲ್ಲಿ ಬೇಕಾದಷ್ಟಿದ್ದಾರೆ. ಆದರೆ ಬಾಡಿಗೆ ಮನೆ ಕೊಡುವವರೂ ಅಲ್ಲಿ ಕ್ರೆಡಿಟ್ ನೋಡುತ್ತಾರೆ. ಹಾಗಾಗಿ ಸಾಲ ಬೇಡದವರೂ ತಮ್ಮ ರಿಪೋರ್ಟ್ ತೆಗೆದು ಓದುತ್ತಾರೆ. ತಪ್ಪಿದ್ದರೆ ಪ್ರಶ್ನಿಸುವ ಹಕ್ಕನ್ನು 1970ರ ಕಾನೂನೇ ಕೊಟ್ಟಿದೆ. ನಮ್ಮ ಕಾನೂನು ಬಂದದ್ದು 2005ರಲ್ಲಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳು ನಮ್ಮಲ್ಲಿ ಈ ದಾಖಲೆ ಇಡುತ್ತವೆ. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಸ್ಕೋರ್ ಸಮೇತ ಪುಕ್ಕಟೆ ಕೊಡಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಅಲ್ಲಿ ಮೂರು ಕಂಪನಿಗಳ ರಿಪೋರ್ಟ್ ವಾರಕ್ಕೊಮ್ಮೆ ಸಿಗುತ್ತದೆ, ಆದರೆ ಅದರಲ್ಲಿ ಸ್ಕೋರ್ ಇರುವುದಿಲ್ಲ. ಒಂದು ರೀತಿಯಲ್ಲಿ ಅದೇ ಒಳ್ಳೆಯದು. ಜನ ಅಂಕಿ ಬಿಟ್ಟು ವಿವರ ಓದುತ್ತಾರೆ.

ನಮ್ಮೂರಿನವರು ಮೊದಲು ನೋಡಬೇಕಾದದ್ದು ಜಾಮೀನು. ಭಾವನ ಟ್ರ್ಯಾಕ್ಟರ್, ಗೆಳೆಯನ ಅಂಗಡಿ, ಪಕ್ಕದ ಮನೆ ಹುಡುಗನ ಗೂಡ್ಸ್ ಗಾಡಿ. "ಒಂದು ಸೈನ್ ಹಾಕಣ್ಣ" ಅಂದರೆ ಇಲ್ಲ ಅನ್ನುವ ಜನ ನಾವಲ್ಲ. ಇದು ನಮ್ಮ ಊರಿನ ದೊಡ್ಡ ಗುಣ, ಬಿಟ್ಟುಬಿಡಿ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ಆ ಸಾಲ ನಿಮ್ಮ ರಿಪೋರ್ಟಿನಲ್ಲೂ ಕೂತಿರುತ್ತದೆ. ಮಳೆ ಕೈಕೊಟ್ಟು, ಮೆಕ್ಕೆಜೋಳದ ರೇಟು ಬಿದ್ದು ಅವರು ಕಂತು ತಪ್ಪಿಸಿದರೆ ಪೆಟ್ಟು ನಿಮಗೂ ಬೀಳುತ್ತದೆ. ಎಷ್ಟೋ ಜನಕ್ಕೆ ಅದು ಗೊತ್ತಾಗುವುದು ಮಗಳ ಓದಿಗೆ ಸಾಲ ಕೇಳಿ ಬ್ಯಾಂಕಿನವರು ಇಲ್ಲ ಅಂದ ಮೇಲೆ. ಪ್ರತಿ ಸಾಲದ ಎದುರು ಅದು ನಿಮ್ಮೊಬ್ಬರದೋ, ಜಂಟಿಯೋ, ನೀವು ಗ್ಯಾರಂಟರೋ ಎಂದು ಬರೆದಿರುತ್ತದೆ. ಗ್ಯಾರಂಟರ್ ಅಂತ ಇದ್ದ ಕಡೆ ನಿಂತು ಓದಿ. ಕೆಳಗೆ ಮೂರು ವರ್ಷದ ತಿಂಗಳುವಾರು ಲೆಕ್ಕ ಇರುತ್ತದೆ. 000 ಅಂದರೆ ಕಂತು ಸರಿಯಾಗಿ ಕಟ್ಟಿದೆ. 030, 060 ಅಂದರೆ ಅಷ್ಟು ದಿನ ತಡ. 090ಕ್ಕೆ ಹೋಗುವ ಮೊದಲೇ ಭಾವನ ಮನೆಗೆ ಹೋಗಿ ಕೂತು ಮಾತಾಡಬಹುದು, ಅಲ್ವಾ?

ಮನೆಯ ಹೆಣ್ಣುಮಕ್ಕಳ ರಿಪೋರ್ಟನ್ನೂ ತೆಗೆಸಿ. "ನಿನ್ನ ಹೆಸರಲ್ಲಿ ಎತ್ತಿ ಕೊಡವ್ವ, ಕಂತು ನಾನು ಕಟ್ತೀನಿ" ಎಂಬ ಮಾತಿಗೆ ಮೈಕ್ರೊಫೈನಾನ್ಸ್ ಸಾಲ ತೆಗೆದುಕೊಟ್ಟವರು ಓಣಿ ಓಣಿಯಲ್ಲಿ ಇದ್ದಾರೆ. ಸಾಲ ಗುಂಪಿನದಾದರೂ ದಾಖಲೆ ಒಬ್ಬೊಬ್ಬರ ಹೆಸರಿನಲ್ಲೇ ಇರುತ್ತದೆ. "ನಂದೇನೂ ಸಾಲ ಇಲ್ಲಪ್ಪ" ಅನ್ನುವ ಅಮ್ಮನ ಹೆಸರಿನಲ್ಲೇ ಬಾಕಿ ಇರಬಹುದು. ರಿಪೋರ್ಟ್ ಇಂಗ್ಲಿಷಿನಲ್ಲಿದ್ದರೆ ಮಕ್ಕಳು ಪಕ್ಕದಲ್ಲಿ ಕೂತು ಓದಿ ಹೇಳಬೇಕು.

ಇನ್ನೊಂದು, ರಾಜಿ ಆದ ಸಾಲ. ಲೋಕ ಅದಾಲತ್‌ನಲ್ಲೋ, ಬ್ಯಾಂಕಿನ ಜೊತೆ ಒಂದೇ ಸಲಕ್ಕೆ ಬಗೆಹರಿಸಿಕೊಳ್ಳುವ ಒಟಿಎಸ್‌ನಲ್ಲೋ ಒಂದಿಷ್ಟು ಕಟ್ಟಿದರೆ ಕೇಸು ಮುಗಿಯುತ್ತದೆ. ರಿಪೋರ್ಟಿನಲ್ಲಿ ಮಾತ್ರ 'ಸೆಟಲ್ಡ್' ಅಂತ ಉಳಿದುಬಿಡುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ನೋಡಿ ಹಿಂದೆ ಸರಿಯುತ್ತಾರೆ. ಕೈಯಲ್ಲಿ ಹಣ ಬಂದಾಗ ಉಳಿದದ್ದನ್ನು ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರ (ಎನ್‌ಒಸಿ) ತಗೊಂಡು, 'ಕ್ಲೋಸ್ಡ್' ಅಂತ ಬದಲಾಯಿಸಲು ಬ್ಯಾಂಕನ್ನು ಕೇಳಿ. ಇಲ್ಲಿ ಅಮೆರಿಕದ ದಾರಿಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಂತು ತಪ್ಪಿದ ದಾಖಲೆ ಅಲ್ಲಿ ಏಳು ವರ್ಷದ ನಂತರ ರಿಪೋರ್ಟಿನಿಂದ ಹೋಗಲೇಬೇಕು. ನಮ್ಮ ನಿಯಮ ಹೇಳುವುದು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು ಅಂತ. ಬೆಳೆ ಹೋಗಿ ಒಮ್ಮೆ ಬಿದ್ದ ರೈತನಿಗೆ, ಅಂಗಡಿ ಮುಚ್ಚಿದ ವ್ಯಾಪಾರಿಗೆ ಮತ್ತೆ ಎದ್ದು ನಿಲ್ಲಲು ಒಂದು ಗಡುವು ಬೇಕು. ನಮ್ಮಲ್ಲೂ ಆ ನಿಯಮ ಬರಬೇಕು.

ಕೊನೆಗೆ ಎನ್‌ಕ್ವೈರಿ ಪಟ್ಟಿ, ಅಂದರೆ ಸಾಲ ಕೊಡುವವರಲ್ಲಿ ಯಾರು ಯಾರು ನಿಮ್ಮ ರಿಪೋರ್ಟ್ ಕೇಳಿದ್ದಾರೆ ಅನ್ನುವ ಪಟ್ಟಿ ನೋಡಿ. ನೀವು ಅರ್ಜಿಯನ್ನೇ ಹಾಕದ ಕಂಪನಿಯ ಹೆಸರು ಅಲ್ಲಿದ್ದರೆ ನಿಮ್ಮ ಪ್ಯಾನ್ ಯಾರದೋ ಕೈಯಲ್ಲಿ ಇರಬಹುದು. ಇಂಥ ಭಯ ಇದ್ದರೆ ಅಮೆರಿಕದಲ್ಲಿ ಹೊಸದಾಗಿ ಸಾಲ ಕೊಡುವವರು ನೋಡದಂತೆ ಪುಕ್ಕಟೆಯಾಗಿ ರಿಪೋರ್ಟಿಗೆ ಬೀಗ ಹಾಕಿಸಬಹುದು. ಸುಮ್ನೆ ನೋಡಿದರೂ ಸ್ಕೋರ್ ಇಳಿಯುತ್ತದೆ ಅಂತ ಊರಲ್ಲಿ ಹೆದರುತ್ತಾರೆ. ನಿಮ್ಮ ರಿಪೋರ್ಟನ್ನು ನೀವೇ ನೋಡಿದರೆ ಒಂದು ಅಂಕವೂ ಇಳಿಯುವುದಿಲ್ಲ.

ತಪ್ಪು ಕಂಡರೆ ರಿಪೋರ್ಟ್ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲೇ ದೂರು ಹಾಕಿ, ಬ್ಯಾಂಕಿಗೂ ಬರೆದು ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. 30 ದಿನದಲ್ಲಿ ದೂರು ಬಗೆಹರಿಯಬೇಕು. ಇಲ್ಲದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಜಾರಿಯಲ್ಲಿದೆ. ಆಮೇಲೂ ಕೆಲಸ ಆಗದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.