ಹತ್ತು ವರ್ಷದವಳು ದೊಡ್ಡವಳಲ್ಲ

ಕಳೆದ ತಿಂಗಳು ಒಂದು ಸಂಜೆ ಆಫೀಸಿನಿಂದ ಬೇಗ ಹೊರಟೆ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಇಳಿದು, ಆಟೋ ಹಿಡಿದು, ಹನುಮಂತನಗರದ ನಮ್ಮ ಕ್ರಾಸ್‌ಗೆ ಬಂದಾಗ ಇನ್ನೂ ಐದೂವರೆ. ರಸ್ತೆಯಲ್ಲಿ ನಾಲ್ಕೈದು ಹುಡುಗಿಯರು ಚಾಕ್‌ಪೀಸಿನಲ್ಲಿ ಮನೆ ಬರೆದುಕೊಂಡು ಕುಂಟೆಬಿಲ್ಲೆ ಆಡುತ್ತಿದ್ದರು. ನನ್ನ ಮಗಳೂ ಇದ್ದಳು. ಅವಳ ಸೊಂಟದ ಮೇಲೆ ಒಂಬತ್ತು ತಿಂಗಳ ಪಾಪು ಇತ್ತು.

ಅವಳ ಸರದಿ ಬಂತು. ಬಿಲ್ಲೆ ಎಸೆದಳು. ಎಡಗೈಯಲ್ಲಿ ಪಾಪುವನ್ನು ಗಟ್ಟಿಯಾಗಿ ಅವಚಿಕೊಂಡು ಒಂದು ಕಾಲೆತ್ತಿದಳು. ಎರಡನೇ ಮನೆಗೆ ಹೋಗುವಷ್ಟರಲ್ಲಿ ಪಾಪು ಹಿಂದಕ್ಕೆ ವಾಲಿತು, ಇವಳು ಕಾಲು ಊರಿಬಿಟ್ಟಳು. "ಔಟ್" ಅಂದರು ಗೆಳತಿಯರು. ಇವಳು ಏನೂ ಅನ್ನಲಿಲ್ಲ. ಪಾಪುವಿನ ಜೊಲ್ಲನ್ನು ತನ್ನ ತೋಳಿಗೇ ಒರೆಸಿಕೊಂಡು, ಅದನ್ನು ಎಡ ಸೊಂಟದಿಂದ ಬಲ ಸೊಂಟಕ್ಕೆ ಬದಲಾಯಿಸಿ, ಕಾಂಪೌಂಡ್ ಗೋಡೆಗೆ ಒರಗಿ ನಿಂತಳು.

ಹಾಗೆ ಸಲೀಸಾಗಿ ಸೊಂಟ ಬದಲಾಯಿಸುವುದು ಒಂದೆರಡು ದಿನದಲ್ಲಿ ಬರುವುದಿಲ್ಲ. ಮೂರು ಹೆತ್ತ ನನಗೆ ಅದು ಗೊತ್ತು. ನಾನು ಆಟೋದವರಿಗೆ ಚಿಲ್ಲರೆ ಕೊಡುತ್ತಾ ಅಲ್ಲೇ ನಿಂತುಬಿಟ್ಟೆ.

ನಮ್ಮ ಮನೆಯಲ್ಲಿ ಮೂವರು ಮಕ್ಕಳು. ಹಿರಿಯಳಿಗೆ ಹತ್ತು, ಐದನೇ ಕ್ಲಾಸು. ಮಧ್ಯದವನಿಗೆ ಆರೂವರೆ. ಕೊನೆಯದು ಪಾಪು. ಅತ್ತೆ ಜೊತೆಯಲ್ಲೇ ಇದ್ದಾರೆ, ಆದರೆ ಅವರಿಗೆ ಮಂಡಿ ನೋವು, ಅಂಬೆಗಾಲಿಡುವ ಮಗುವಿನ ಹಿಂದೆ ಓಡೋಕೆ ಆಗಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುವವರು.

ಮೂರನೇ ಮಗುವಿಗೆ ಕಾನೂನು ಎಷ್ಟು ರಜೆ ಕೊಡುತ್ತದೆ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. 2017ರಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದಾಗ ಎಲ್ಲರೂ ಖುಷಿಪಟ್ಟೆವು. ಆದರೆ ಆ 26 ವಾರ ಮೊದಲ ಎರಡು ಮಕ್ಕಳಿಗೆ ಮಾತ್ರ. ಆಗಲೇ ಎರಡು ಮಕ್ಕಳಿರುವ ತಾಯಿಗೆ ಸಿಗುವುದು ಹಳೆಯ 12 ವಾರವೇ. ನನಗೆ ಕಾಲು ಊದಿಕೊಂಡು ಎರಡು ವಾರ ಹೆರಿಗೆಗೆ ಮುಂಚೆಯೇ ಹೋಯಿತು. ಪಾಪುವಿಗೆ ಹತ್ತು ವಾರ ತುಂಬಿದಾಗ ನಾನು ಮತ್ತೆ ಆಫೀಸಿನಲ್ಲಿದ್ದೆ. ಅದಕ್ಕೆ ಇನ್ನೂ ಸರಿಯಾಗಿ ಕತ್ತು ನಿಂತಿರಲಿಲ್ಲ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಅಂತ ಡಾಕ್ಟರ್ ಹೇಳುತ್ತಾರೆ, ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಮೂರನೇ ಮಗುವಿನ ಹೊಟ್ಟೆ ಏನು ಬೇರೆ ಥರ ಇರುತ್ತಾ? ನಾನು ಬೆಳಗ್ಗೆ ಐದಕ್ಕೆ ಎದ್ದು ಹಾಲು ಹಿಂಡಿ ಫ್ರಿಜ್ಜಿನಲ್ಲಿ ಇಟ್ಟು ಹೋಗುತ್ತಿದ್ದೆ.

ಇವರ ಕಂಪನಿಯಲ್ಲಿ ಐದು ದಿನ ರಜೆ ಕೊಟ್ಟರು. ಅದೂ ಅವರ ಒಳ್ಳೆಯತನ. ಕೇಂದ್ರ ಸರ್ಕಾರಿ ನೌಕರರಾದ ಅಪ್ಪಂದಿರಿಗೆ ಎರಡು ಮಕ್ಕಳವರೆಗೆ 15 ದಿನ ಇದೆ, ಖಾಸಗಿಯವರಿಗೆ ಕೊಡಲೇಬೇಕು ಅನ್ನುವ ಕಾನೂನೇ ಇಲ್ಲ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಆಫೀಸಿನಲ್ಲಿ ಶಿಶುವಿಹಾರದ ವ್ಯವಸ್ಥೆ ಇರಬೇಕು ಅಂತ 2017ರ ಅದೇ ತಿದ್ದುಪಡಿಯಲ್ಲಿದೆ. ನಮ್ಮ ಆಫೀಸಿನಲ್ಲಿ ಮೂವತ್ತು ಜನರೂ ಇಲ್ಲ.

ಹೀಗೆ ಎಲ್ಲರೂ ಒಂದೊಂದು ಕಡೆ ಬಿಟ್ಟ ಜಾಗವನ್ನು ತುಂಬಿದವಳು ನನ್ನ ಮಗಳು. ಯಾರೂ ಅವಳನ್ನು ಕೂರಿಸಿಕೊಂಡು ಕೇಳಲಿಲ್ಲ. ಸುಮ್ನೆ ಆಗಿಹೋಯಿತು. ಮಧ್ಯಾಹ್ನ ಮೂರೂಮುಕ್ಕಾಲಿಗೆ ಸ್ಕೂಲ್ ವ್ಯಾನ್ ಇಳಿಯುತ್ತಾಳೆ, ಬ್ಯಾಗು ಬಿಸಾಕಿ ಕೈ ತೊಳೆಯುತ್ತಾಳೆ, ಪಾಪುವನ್ನು ಎತ್ತಿಕೊಳ್ಳುತ್ತಾಳೆ. ಅಜ್ಜಿ ಆಗ ಸ್ವಲ್ಪ ಅಡ್ಡಾಗುತ್ತಾರೆ. ರಾಗಿ ಸರಿ ಎಷ್ಟು ಗಟ್ಟಿ ಇದ್ದರೆ ಪಾಪು ಉಗುಳುವುದಿಲ್ಲ ಅಂತ ಅವಳಿಗೆ ಗೊತ್ತು. ಒಂದು ವರ್ಷದವರೆಗೆ ಉಪ್ಪು ಸಕ್ಕರೆ ಹಾಕಬಾರದು, ಜೇನುತುಪ್ಪ ನೆಕ್ಕಿಸಲೇಬಾರದು ಅಂತ ಡಾಕ್ಟರ್ ಹೇಳಿದ್ದನ್ನು ಅಜ್ಜಿಗೆ ಜ್ಞಾಪಿಸುವವಳೂ ಅವಳೇ. ಯಾವ ಅಳು ನಿದ್ದೆಯದ್ದು, ಯಾವ ಅಳು ಹಸಿವಿನದ್ದು ಅಂತ ನನಗಿಂತ ಬೇಗ ಹೇಳುತ್ತಾಳೆ.

ಪಾಪುವಿಗೆ ಒಂಬತ್ತು ತಿಂಗಳ ದಡಾರ–ರುಬೆಲ್ಲಾ ಚುಚ್ಚುಮದ್ದು ಹಾಕಿಸಲು ಹೋದಾಗ ಅವಳೂ ಬಂದಿದ್ದಳು. ನಾನು ತಾಯಿ ಕಾರ್ಡನ್ನು ಬ್ಯಾಗಿನಲ್ಲಿ ಹುಡುಕುತ್ತಿದ್ದೆ. "ಹದಿನಾಲ್ಕು ವಾರದ್ದು ಯಾವತ್ತು ಹಾಕಿಸಿದ್ರಿ?" ಅಂತ ಸಿಸ್ಟರ್ ಕೇಳಿದರು. ನಾನು ತಡವರಿಸಿದೆ. ಇವಳು ತಟ್ಟನೆ ತಾರೀಖು ಹೇಳಿದಳು. ಕಾರ್ಡ್ ಸಿಕ್ಕಿತು, ತಾರೀಖು ಸರಿಯಾಗಿತ್ತು. "ನಿಂಗೆ ಹೇಗೆ ಜ್ಞಾಪಕ ಇದೆ ಪುಟ್ಟಿ?" ಅಂದೆ.

"ಅವತ್ತು ನನ್ನ ಡ್ರಾಯಿಂಗ್ ಕಾಂಪಿಟೇಶನ್ ಇತ್ತಲ್ಲಮ್ಮ. ಪಾಪುಗೆ ಜ್ವರ ಬರತ್ತೆ ಅಂತ ಹೋಗ್ಲಿಲ್ಲ."

ಅವಳು ದೂರಲಿಲ್ಲ. ತಾರೀಖು ಹೇಗೆ ನೆನಪಿದೆ ಅಂತ ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಅವತ್ತು ನನಗೆ ಅರ್ಧ ದಿನ ಮಾತ್ರ ರಜೆ ಸಿಕ್ಕಿತ್ತು. "ಅಜ್ಜಿ ಒಬ್ಬರೇ ಆಗ್ತಾರೆ, ನೀನು ದೊಡ್ಡವಳು ಅಲ್ವಾ, ಇರು ಕಂದ" ಅಂದಿದ್ದವಳು ನಾನೇ. ನಾನು ಮರೆತಿದ್ದೆ.

ನೀನು ದೊಡ್ಡವಳು ಅಲ್ವಾ. ಈ ಮಾತಿನ ಬಗ್ಗೆ ಆಮೇಲೆ ತುಂಬಾ ಯೋಚನೆ ಮಾಡಿದೆ. ತಮ್ಮ ಹುಟ್ಟಿದಾಗ ಅವಳಿಗೆ ಮೂರೂವರೆ ವರ್ಷ. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವಳು ದೊಡ್ಡವಳಾದಳು. ಎತ್ತಿಕೋ ಅಂತ ಕೈ ಚಾಚಿದರೆ "ನೀನು ದೊಡ್ಡವಳು". ಜೊತೆಯಲ್ಲಿ ಮಲಗುತ್ತೇನೆ ಅಂದರೆ "ನೀನು ದೊಡ್ಡವಳು". ಅದೇ ತಮ್ಮನಿಗೆ ಈಗ ಆರೂವರೆ. ಪಾಪು ಬಂದ ಮೇಲೂ ಅವನು ನಮ್ಮ ಮನೆಯಲ್ಲಿ ಚಿಕ್ಕವನೇ. ಪಾಪುವಿನ ಬಟ್ಟಲು ತೆಗೆದುಕೊಂಡು ಬಾ ಅಂತಲೂ ಅವನಿಗೆ ಯಾರೂ ಹೇಳಿರಲಿಲ್ಲ. ಹುಡುಗ, ಚಿಕ್ಕವನು, ಬೀಳಿಸಿಬಿಡ್ತಾನೆ. ಅಕ್ಕನಿಗೆ ಮೂರೂವರೆಗೆ ಬಂದ ದೊಡ್ಡತನ ತಮ್ಮನಿಗೆ ಆರೂವರೆಗೂ ಬಂದಿಲ್ಲ. ಇದನ್ನು ಮಾಡಿದವರು ಹೊರಗಿನವರಲ್ಲ, ಹೆಣ್ಣುಮಕ್ಕಳ ಬಗ್ಗೆ ಇಷ್ಟೆಲ್ಲಾ ಮಾತಾಡುವ ನಾವೇ.

ನಮ್ಮಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಕುಣಿಗಲ್ ಹತ್ತಿರದ ಊರಿನಲ್ಲಿದ್ದಾರೆ. ಏಳು ಮಕ್ಕಳಲ್ಲಿ ಮೊದಲನೆಯವರು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿದರು. ಮದುವೆ ಮುಂಜಿಗಳಲ್ಲಿ ಎಲ್ಲರೂ ಅವರ ಕಾಲಿಗೆ ಬೀಳುತ್ತಾರೆ, "ನಮ್ಮನ್ನೆಲ್ಲಾ ಎತ್ತಿ ಆಡಿಸಿದವಳು, ನಮಗೆ ತಾಯಿ ಥರ" ಅಂತಾರೆ. ಒಂದು ಸಲ ಮಕ್ಕಳು ಅವರನ್ನು ಸುತ್ತುವರಿದು, ಚಿಕ್ಕವರಿದ್ದಾಗ ಏನೇನು ಆಟ ಆಡ್ತಿದ್ರಿ ಅಂತ ಕೇಳಿದರು. ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿ, "ನೋಡ್ತಿದ್ದೆ ಕಣವ್ವ. ಸೊಂಟದ್ ಮ್ಯಾಲೆ ಯಾವಾಗ್ಲೂ ಒಂದ್ ಕೂಸು ಇರ್ತಿತ್ತಲ್ಲ" ಅಂದರು. ಅವತ್ತು ನಮಗೆಲ್ಲಾ ಅದು ಅವರ ದೊಡ್ಡ ಗುಣ ಅನಿಸಿತ್ತು. ನಮ್ಮ ಕ್ರಾಸಿನಲ್ಲಿ ಗೋಡೆಗೆ ಒರಗಿ ನಿಂತ ಮಗಳನ್ನು ನೋಡಿದಾಗ ಆ ಮಾತಿನ ತೂಕ ಗೊತ್ತಾಯಿತು.

ಹಾಗಾದರೆ ಮಕ್ಕಳು ಮನೆಗೆಲಸ ಕಲಿಯುವುದೇ ಬೇಡವಾ ಅಂತ ಕೇಳುವವರಿದ್ದೀರಿ. ಕಲಿಯಲಿ. ನಾನೂ ಪಾತ್ರೆ ತೊಳೆದು, ತಂಗಿಯ ಜಡೆ ಹೆಣೆದು ಬೆಳೆದವಳೇ. ಪಾಪುವಿಗೆ ಹಾಡು ಹೇಳಲಿ, ಗಿಲಕಿ ಆಡಿಸಲಿ, ಬಿದ್ದ ಆಟಿಕೆ ಎತ್ತಿಕೊಡಲಿ. ಒಟ್ಟಿಗೆ ಬೆಳೆಯುವ ಮಕ್ಕಳಿಗೆ ಅದರಲ್ಲಿ ಎಷ್ಟು ಸಂತೋಷ ಇದೆ ಅಂತ ದಿನಾ ನೋಡುತ್ತೇನೆ. ಪಾಪು ಮೊದಲ ಸಲ ಅಂಬೆಗಾಲಿಟ್ಟಿದ್ದು ನನ್ನ ಕಡೆಗಲ್ಲ, ಅವಳ ಕಡೆಗೆ. ಅತ್ತೆ ಅವತ್ತು ಅಂಬೊಡೆ ಕರಿದರು, ಮೊದಲನೆಯದನ್ನು ಅವಳಿಗೇ ಕೊಟ್ಟರು. ನಾನು ಕೇಳಿಕೊಳ್ಳುವುದು ಒಂದೇ. ಗೆಳತಿಯರು ಗೇಟಿನ ಹತ್ತಿರ ಬಂದು ಕೂಗಿದಾಗ ಅವಳು ಪಾಪುವನ್ನು ಯಾರಿಗಾದರೂ ಕೊಟ್ಟು ಓಡಿಹೋಗಬಹುದಾ? ಕೊಡೋಕೆ ಯಾರಾದರೂ ದೊಡ್ಡವರು ಅಲ್ಲಿದ್ದಾರಾ? ಇಲ್ಲ ಅಂದರೆ ಅವಳು ಮಾಡುತ್ತಿರುವುದು ಸಹಾಯ ಅಲ್ಲ, ಕೆಲಸ.

ನಮ್ಮ ಮನೆಯಲ್ಲಿ ಸಂಬಳ ಇದೆ, ಅಜ್ಜಿ ಇದ್ದಾರೆ, ಆದರೂ ಹೀಗಾಯಿತು. ಹಿಂದಿನ ಬೀದಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ರಾಯಚೂರು ಕಡೆಯಿಂದ ಬಂದವರು ಶೀಟಿನ ಶೆಡ್‌ಗಳಲ್ಲಿದ್ದಾರೆ. ಅಲ್ಲಿ ಎಂಟು ವರ್ಷದ ಹುಡುಗಿ ಬೆಳಗ್ಗೆಯಿಂದ ಸಂಜೆವರೆಗೆ ತಮ್ಮನನ್ನು ಎತ್ತಿಕೊಂಡೇ ಇರುತ್ತಾಳೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಅಂತ 2009ರಲ್ಲೇ ಕಾನೂನಾಗಿದೆ. ಆದರೆ ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ಆದ ಮೇಲೆ. ಅದಕ್ಕಿಂತ ಚಿಕ್ಕ ಮಗುವಿಗೆ ಆಹಾರದ ಪೊಟ್ಟಣ ಮನೆಗೆ ಕೊಡುತ್ತಾರೆ, ಮಗುವನ್ನು ನೋಡಿಕೊಳ್ಳುವವರು ಯಾರು? ಅಮ್ಮ ಇಟ್ಟಿಗೆ ಹೊರುತ್ತಿದ್ದರೆ ಅಕ್ಕನೇ. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆದಿದೆ. ತುಂಬಾ ಒಳ್ಳೆಯ ಕೆಲಸ. ಅಂಥ ಕೂಸಿನ ಮನೆ ಬೆಂಗಳೂರಿನ ಪ್ರತಿ ವಾರ್ಡಿನಲ್ಲೂ ಬೇಕು. ಓಟು ಕೇಳಲು ಬರುವವರ ಮುಂದೆ ನಾನು ಇದನ್ನೇ ಕೇಳುತ್ತೇನೆ, ನೀವೂ ಕೇಳಿ.

ನಮ್ಮ ಮನೆಯಲ್ಲಿ ಏನು ಬದಲಾಯಿಸಿದೆವು ಅಂದರೆ, ಪಕ್ಕದ ಬೀದಿಯಿಂದ ಒಬ್ಬರು ಅಕ್ಕ ಮೂರರಿಂದ ಆರರವರೆಗೆ ಬರುತ್ತಾರೆ. ಅವರ ಸಂಬಳಕ್ಕಾಗಿ ಕಾರು ತಗೊಳ್ಳುವ ಯೋಚನೆಯನ್ನು ಮುಂದಕ್ಕೆ ಹಾಕಿದೆವು. ಇವರು ಬೆಳಗ್ಗೆ ಏಳಕ್ಕೇ ಹೊರಟು ಸಂಜೆ ಆರಕ್ಕೆ ಮನೆಯಲ್ಲಿರುತ್ತಾರೆ. ಸಂಜೆ ಸರಿ ತಿನ್ನಿಸುವುದು ಅಪ್ಪನ ಪಾಲು, ಬಟ್ಟಲು ನೀರು ತಂದುಕೊಡುವುದು ಮಧ್ಯದವನ ಪಾಲು. ಅವನು ಇದುವರೆಗೆ ಏನನ್ನೂ ಬೀಳಿಸಿಲ್ಲ.

ಮಗಳಿಗೆ ಖುಷಿಯಾಗುತ್ತೆ ಅಂದುಕೊಂಡಿದ್ದೆ. ಮೊದಲ ದಿನ ಆ ಅಕ್ಕ ಪಾಪುವನ್ನು ಎತ್ತಿಕೊಂಡಾಗ ಇವಳು ಬಾಗಿಲಲ್ಲೇ ನಿಂತಿದ್ದಳಂತೆ, ಆಟಕ್ಕೂ ಹೋಗಲಿಲ್ಲವಂತೆ. ರಾತ್ರಿ ನನ್ನ ಪಕ್ಕ ಬಂದು ಮಲಗಿ ಕೇಳಿದಳು, "ನಾನು ಸರಿಯಾಗಿ ನೋಡ್ಕೊಳ್ತಿರ್ಲಿಲ್ವಾ ಅಮ್ಮ?" ಕಣ್ಣು ತುಂಬಿತ್ತು. ಏಳು ತಿಂಗಳಿಂದ ಬಂದವರೆಲ್ಲಾ ಅವಳನ್ನು ಹೊಗಳಿದ್ದು ಇದೊಂದಕ್ಕೇ. ಅದನ್ನು ಕಿತ್ತುಕೊಂಡರೆ ತಾನು ಏನು ಅಂತ ಅವಳಿಗೆ ಗೊತ್ತಾಗಿರಲಿಲ್ಲ. "ತುಂಬಾ ಚೆನ್ನಾಗಿ ನೋಡ್ಕೊಂಡೆ ಕಂದ, ಅದು ನಮ್ಮ ಕೆಲಸ ಆಗಿತ್ತು, ನಿಂದಲ್ಲ" ಅಂದೆ. ಡ್ರಾಯಿಂಗ್ ಕಾಂಪಿಟೇಶನ್ ವಿಷಯಕ್ಕೆ ತಪ್ಪಾಯ್ತು ಅಂತಲೂ ಹೇಳಿದೆ. ಅವಳು ಏನೂ ಹೇಳದೆ ನನ್ನ ತೋಳಿನ ಮೇಲೆ ತಲೆ ಇಟ್ಟುಕೊಂಡಳು. ತೂಕ ಜಾಸ್ತಿ ಆಗಿದ್ದಾಳೆ, ಕೈ ಜೋಮು ಹಿಡಿಯಿತು. ಕೊನೆಯ ಸಲ ಅವಳು ಹಾಗೆ ಮಲಗಿದ್ದು ಯಾವಾಗ ಅಂತ ನೆನಪಾಗಲಿಲ್ಲ.

ಮೊನ್ನೆ ಭಾನುವಾರ ಪಾಪುವನ್ನೂ ತಮ್ಮನನ್ನೂ ಅವರಪ್ಪನ ಹತ್ತಿರ ಬಿಟ್ಟು ನಾವಿಬ್ಬರೇ ಲಾಲ್‌ಬಾಗಿಗೆ ಹೋದೆವು. ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಹತ್ತಿರ ಕೂತು ಮಾವಿನಕಾಯಿ ತಿಂದೆವು. ಐದೂವರೆ ಆಗುತ್ತಿದ್ದಂತೆ ಅವಳು ನನ್ನ ಫೋನು ತೆಗೆದು ಟೈಮ್ ನೋಡಿದಳು.

"ಅಮ್ಮ, ಆರಕ್ಕೆ ಪಾಪುಗೆ ಸರಿ ಕೊಡ್ಬೇಕು."

"ಅಪ್ಪ ಕೊಡ್ತಾರೆ."

"ಬೆಲ್ಲ ಹಾಕಬಾರ್ದು ಅಂತ ಗೊತ್ತಾ ಅವ್ರಿಗೆ?"

"ಗೊತ್ತು."

ಅವಳು ಇನ್ನೊಂದು ಸಲ ಫೋನು ನೋಡಿದಳು. ಆಮೇಲೆ ಅದನ್ನು ನನ್ನ ಮಡಿಲಿಗೆ ಹಾಕಿ, ಚಪ್ಪಲಿ ಅಲ್ಲೇ ಬಿಟ್ಟು, ಬಂಡೆಯ ಇಳಿಜಾರಿನಲ್ಲಿ ಕೂಗುತ್ತಾ ಓಡಿದಳು.