ಒಂದಡಿಯ ಲೆಕ್ಕ

ನಾಲ್ಕು ಕಾರುಗಳಲ್ಲಿ ನನ್ನದು ಮೂರನೆಯದಂತೆ. ಕಾರು ಪತ್ರಿಕೆಯೊಂದು ನಾಲ್ಕನ್ನೂ ಓಡಿಸಿ ಅಂಕ ಕೊಟ್ಟಿತ್ತು, ಗೆಳೆಯ ಆ ಪುಟದ ಫೋಟೊ ತೆಗೆದು ಕಳಿಸಿದ್ದ. ಜೊತೆಗೆ ಒಂದಕ್ಷರವೂ ಇಲ್ಲ. ಹಂಗಿಸಿದ್ದರೆ ತಿರುಗಿ ಹಂಗಿಸಬಹುದಿತ್ತು. ಬರೀ ಫೋಟೊ. ಅದೂ ನನ್ನ ಕಾರಿನ ಸಾಲು ಸರಿಯಾಗಿ ನಟ್ಟನಡುವೆ ಬರುವ ಹಾಗೆ, ಬೆರಳಿನ ನೆರಳೂ ಬೀಳದ ಹಾಗೆ, ಬಹಳ ಶ್ರದ್ಧೆಯಿಂದ ತೆಗೆದದ್ದು. ಮೊದಲ ಸ್ಥಾನ ಅವನ ಕಾರಿನದು. ಅದು ಫೋಟೊದ ಮೇಲಂಚಿನಲ್ಲಿ ಅರ್ಧ ಕತ್ತರಿಸಿಹೋಗಿತ್ತು. ವಿನಯ ಅಂದರೆ ಅದು.

ನನ್ನ ಕಾರು ಯಾವುದೆಂದು ಹೇಳುವುದಿಲ್ಲ. ಹೇಳಿದರೆ ನೀವೂ ಹೋಗಿ ಆ ಪತ್ರಿಕೆ ಹುಡುಕುತ್ತೀರಿ. ಎರಡು ಸೀಟು, ಬಟ್ಟೆಯ ಟಾಪು, ಕಾಲಡಿಗೆ ಮೂರು ಪೆಡಲು, ಇಷ್ಟು ಗೊತ್ತಿದ್ದರೆ ಸಾಕು. ಕೊಂಡು ಆರು ವರ್ಷವಾಯಿತು. ಮಾರುವ ಯೋಚನೆಯಿಲ್ಲ, ಬೇರೆ ಕೊಳ್ಳುವ ಯೋಚನೆಯೂ ಇಲ್ಲ. ಅಂದಮೇಲೆ ಯಾರೋ ನಾಲ್ಕು ಜನ ಎರಡು ದಿನ ಓಡಿಸಿ ಏನೋ ಬರೆದುಕೊಂಡರೆ ನನಗೇನು? ನನಗೇನು ಅಂದುಕೊಳ್ಳುತ್ತಲೇ, ನಮ್ಮ ಮನೆಗೂ ಬಂದು ಬಿದ್ದಿದ್ದ ಅದೇ ಸಂಚಿಕೆಯ ಕವರು ಹರಿದು ಆ ಲೇಖನವನ್ನು ಮೂರು ಸಲ ಓದಿದೆ. ಮೂರನೇ ಸಲ ಓದುವಾಗಲೂ ನನ್ನದು ಮೂರನೆಯದೇ ಆಗಿತ್ತು.

ಗೆಳೆಯನಿಗೆ ‘ಅವರವರ ಅಭಿರುಚಿ’ ಎಂದು ಉತ್ತರ ಬರೆದೆ. ಕಳಿಸಿದ ಮರುಕ್ಷಣ ನಾಲಿಗೆ ಕಚ್ಚಿಕೊಂಡೆ. ಯಾಕೆಂದರೆ ಈ ಮಾತನ್ನು ಸೋತವರು ಬಿಟ್ಟು ಬೇರಾರೂ ಆಡುವುದಿಲ್ಲ. ಗೆದ್ದವನು ಅಭಿರುಚಿಯ ಸುದ್ದಿ ಎತ್ತಿದ್ದನ್ನು ನಾನಂತೂ ಕೇಳಿಲ್ಲ. ಅವನ ಬಾಯಲ್ಲಿ ಅದು ‘ಟೆಸ್ಟ್ ರಿಸಲ್ಟು’. ಎರಡು ವರ್ಷದ ಹಿಂದೆ ಇನ್ನೊಂದು ಪತ್ರಿಕೆಯಲ್ಲಿ ನನ್ನ ಕಾರು ಮೊದಲು ಬಂದಾಗ ಇದೇ ಗೆಳೆಯ ‘ಲೋಕೋ ಭಿನ್ನರುಚಿಃ’ ಎಂದಿದ್ದ, ಸಂಸ್ಕೃತದಲ್ಲಿ. ನಾನಾಗ ಅವನ ಮಾತಿಗೆ ಮೂಗು ಮುರಿದು, ಲಟ್ಟಣಿಗೆಯಂಥ ಗ್ರಾಫೊಂದನ್ನು ಕಳಿಸಿದ್ದೆ. ಆ ಸಂಚಿಕೆ ಈಗಲೂ ನನ್ನ ಬಳಿ ಇದೆ. ಪ್ಲಾಸ್ಟಿಕ್ ಕವರಿನಲ್ಲಿದೆ ಎಂಬ ವಿವರ ಇಲ್ಲಿ ಬೇಕಾಗಿಲ್ಲ.

ಸೋತವರ ಎರಡನೆಯ ಮಾತು, ‘ಟೈರು ಯಾವುದಂತೆ?’ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ನಗಬಹುದು. ಆದರೆ ಈ ವ್ಯವಹಾರದಲ್ಲಿ ನೆಲ ಆಗಾಗ ನಿಜಕ್ಕೂ ಡೊಂಕಿರುತ್ತದೆ, ಅದೇ ತಾಪತ್ರಯ. ಎಷ್ಟೇ ದೊಡ್ಡ ಇಂಜಿನ್ನಿರಲಿ, ಕಾರು ರಸ್ತೆಗೆ ತಾಗುವುದು ನಾಲ್ಕು ಅಂಗೈಯಗಲದ ರಬ್ಬರಿನಲ್ಲಿ ಮಾತ್ರ. 2012ರಲ್ಲಿ ಬಂದ ಟೊಯೋಟಾ 86 ಎಂಬ ಸ್ಪೋರ್ಟ್ಸ್ ಕಾರಿಗೆ, ಪೆಟ್ರೋಲ್ ಉಳಿಸುವ ಪ್ರಿಯಸ್‌ಗೂ ಹಾಕುತ್ತಿದ್ದ ಸಾಧು ಟೈರನ್ನು ಬೇಕೆಂದೇ ಹಾಕಿದ್ದರು, ಹೆಚ್ಚು ವೇಗವಿಲ್ಲದೆಯೇ ಹಿಂಬದಿ ಸ್ವಲ್ಪ ಜಾರಿ ಮಜಾ ಬರಲಿ ಎಂದು. ಹಿಡಿತಕ್ಕೆ ಅಂಕ ಕೊಡುವ ಮೇಷ್ಟ್ರ ಮುಂದೆ ಅದು ಸೋಲಲೇಬೇಕು. 2008ರಲ್ಲಂತೂ ಕಂಪನಿಗಳೇ ಬೀದಿಜಗಳಕ್ಕೆ ಇಳಿದವು. ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ರೇಸ್ ಟ್ರ್ಯಾಕಿನ ಸುತ್ತನ್ನು ತನ್ನ ಜಿಟಿ-ಆರ್ ಕಾರು 7 ನಿಮಿಷ 29 ಸೆಕೆಂಡಿನಲ್ಲಿ ಮುಗಿಸಿತೆಂದು ನಿಸ್ಸಾನ್ ಹೇಳಿಕೊಂಡಿತು. ಪೋರ್ಷೆಯವರಿಗೆ ನಿದ್ದೆ ಬರಲಿಲ್ಲ. ತಾವೇ ಒಂದು ಜಿಟಿ-ಆರ್ ಕೊಂಡು ತಂದು ಅಲ್ಲೇ ಓಡಿಸಿದರು; 7 ನಿಮಿಷ 54 ಬಂತು. ಆಮೇಲೆ ಅವರು ಎತ್ತಿದ ಅನುಮಾನವೂ ಟೈರಿನದೇ. ಅಷ್ಟು ದೊಡ್ಡವರೇ ಹಾಗಾದರೆ ನನ್ನಂಥವನು ಕೇಳುವುದರಲ್ಲಿ ತಪ್ಪೇನು?

ಈ ಸಲ ಟೈರು ಕೈಕೊಟ್ಟಿತು. ನಾಲ್ಕೂ ಕಾರಿಗೆ ಒಂದೇ ಟೈರು ಹಾಕಿದ್ದರಂತೆ, ಲೇಖನದ ಎರಡನೇ ಪ್ಯಾರಾದಲ್ಲೇ ಬರೆದುಬಿಟ್ಟಿದ್ದಾರೆ. ಹಾಗಾಗಿ ಅಂಕಪಟ್ಟಿಗೆ ಕೈಹಾಕಿದೆ. ಡಿಕ್ಕಿಯಲ್ಲಿ ಜಾಗ ಸಾಲದೆಂದು ನನ್ನ ಕಾರಿಗೆ ಮೂರು ಅಂಕ ಕಡಿಮೆ. ಸ್ಪೋರ್ಟ್ಸ್ ಕಾರಿನಲ್ಲಿ ಡಿಕ್ಕಿ! ಲೋಟ ಇಡುವ ಕುಳಿ ಮೊಣಕೈಗೆ ತಾಗುತ್ತದೆಂದು ಇನ್ನೊಂದು ಅಂಕ. ಸಾಮಾನು ಹೊರುವವರು, ಲೋಟ ಹಿಡಿಯುವವರು ಇಂಥ ಕಾರಿನ ತಂಟೆಗೆ ಯಾಕೆ ಬರಬೇಕು? ‘ಓಡಿಸುವ ಖುಷಿ’ ಎಂಬ ಖಾನೆಯಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೊಂದು. ಉಳಿದ ನಾಲ್ಕು ಅಂಕದ ಖುಷಿ ಎಲ್ಲಿ ಸೋರಿಹೋಯಿತೆಂದು ಆ ಪುಣ್ಯಾತ್ಮರು ಬರೆದಿಲ್ಲ. ಅಮೆರಿಕದ ಒಂದು ಪತ್ರಿಕೆಯಲ್ಲಿ ‘ಬೇಕೇ ಬೇಕು ಅನ್ನಿಸುವ ಗುಣ’ಕ್ಕೂ ಪ್ರತ್ಯೇಕ ಅಂಕವಿದೆ. ಅವರವರ ಅಭಿರುಚಿ ಎಂದು ಓಡಿಹೋಗಿ ಅವಿತುಕೊಳ್ಳೋಣವೆಂದರೆ ಅಲ್ಲೂ ಸ್ಕೇಲು ಹಿಡಿದು ಕೂತಿದ್ದಾರೆ.

ಅಷ್ಟರಲ್ಲಿ ಗೆಳೆಯನ ಎರಡನೇ ಸಂದೇಶ ಬಂತು. ‘ಸೊನ್ನೆಯಿಂದ ಗಂಟೆಗೆ 60 ಮೈಲಿ ವೇಗಕ್ಕೆ, ನಂದು 5.9 ಸೆಕೆಂಡು, ನಿಂದು 6.1. ಇದೂ ಅಭಿರುಚಿಯೇನಯ್ಯಾ?’

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹೇಳದಿದ್ದರೂ ನಡೆಯುತ್ತದೆ, ನನಗೆ ನಡೆಯುವುದಿಲ್ಲ. ಅಮೆರಿಕದ ಕಾರು ಪತ್ರಿಕೆಗಳು ಸೊನ್ನೆಯಿಂದ 60 ಮೈಲಿ ಎಂದು ಬರೆಯುತ್ತವಲ್ಲ, ಅದು ಸೊನ್ನೆಯಿಂದಲ್ಲ. ಡ್ರ್ಯಾಗ್ ರೇಸಿನ, ಅಂದರೆ ನೇರ ಓಟದ, ಪಟ್ಟಿಯಲ್ಲಿ ಶುರುವಿನ ಗೆರೆಯ ಮೇಲೆ ಒಂದು ಬೆಳಕಿನ ಕಿರಣ ಹಾಯುತ್ತಿರುತ್ತದೆ. ಮುಂದಿನ ಚಕ್ರ ಅದಕ್ಕೆ ಅಡ್ಡ ನಿಲ್ಲಬೇಕು. ಚಕ್ರ ಪೂರ್ತಿ ದಾಟಿ, ಕಿರಣ ಮತ್ತೆ ಆಚೆ ತಲುಪಿದಾಗ ಗಡಿಯಾರ ಶುರು. ಅಷ್ಟು ಹೊತ್ತಿಗೆ ಕಾರು ಸುಮಾರು ಒಂದಡಿ ಮುಂದೆ ಹೋಗಿರುತ್ತದೆ. ಈಗ ಉಪಗ್ರಹ ನೋಡಿಕೊಂಡು ವೇಗ ಅಳೆಯುವ ಪೆಟ್ಟಿಗೆಗಳು ಬಂದಿವೆ. ಕಿರಣವೂ ಬೇಡ, ಗೆರೆಯೂ ಬೇಡ. ಆದರೂ ಹಿರಿಯರು ನಡೆಸಿಕೊಂಡು ಬಂದದ್ದೆಂದು ಆ ಒಂದಡಿಯನ್ನು ಇವತ್ತಿಗೂ ಲೆಕ್ಕದಿಂದ ಬಿಡುತ್ತಾರೆ. ಆ ಅಡಿ ದಾಟಲು ಚುರುಕಾದ ಕಾರಿಗೂ ಹೆಚ್ಚುಕಡಿಮೆ ಕಾಲು ಸೆಕೆಂಡು ಬೇಕು. ಗಡಿಯಾರ ‘ಸೊನ್ನೆ’ ಅನ್ನುವಾಗ ಕಾರು ಆಗಲೇ ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿರುತ್ತದೆ. ಕಾಲು ಸೆಕೆಂಡು! ನನಗೂ ಗೆಳೆಯನಿಗೂ ನಡುವಿನ ಅಂತರ ಎರಡು ದಶಾಂಶ. ಅವನ ಇಡೀ ಗೆಲುವು ಆ ಒಂದಡಿಯೊಳಗೆ ಮಡಚಿ ಇಡುವಷ್ಟು.

ಈ ಅಡಿ ನನ್ನ ತಲೆ ಹೊಕ್ಕು ತಿಂಗಳುಗಳೇ ಆಗಿದ್ದವು. ಹಿಂದೊಂದು ಭಾನುವಾರ ಪರೀಕ್ಷೆ ಮಾಡಿಯೇಬಿಟ್ಟಿದ್ದೆ. ಮಗಳ ಕಂಪಾಸ್ ಪೆಟ್ಟಿಗೆಯ ಸ್ಕೇಲು ಹದಿನೈದು ಸೆಂಟಿಮೀಟರಿನದು, ಸಾಲಲಿಲ್ಲ. ಚೀಲದಿಂದ ಉದ್ದದ್ದು ಹುಡುಕಿ ತಂದೆ. ಅದು ಮೂವತ್ತು. ಅಡಿ ಅಂದರೆ 30.48. ಉಳಿದ ಅರ್ಧ ಸೆಂಟಿಮೀಟರನ್ನು ಹೆಬ್ಬೆರಳ ಉಗುರಿನಲ್ಲಿ ಅಂದಾಜಿಸಿ, ಮುಂದಿನ ಚಕ್ರದ ಬುಡಕ್ಕೆ ಒಂದು ಸೀಮೆಸುಣ್ಣದ ಗೆರೆ, ಅದರಾಚೆ ಅಡಿ ದೂರಕ್ಕೆ ಇನ್ನೊಂದು ಎಳೆದೆ. ಮಗಳ ಕೈಗೆ ಸ್ಟಾಪ್‌ವಾಚು ಕೊಟ್ಟೆ.

“ಎಷ್ಟು ದೂರ ಹೋಗ್ತೀಯಪ್ಪ?” ಅಂದಳು.

“ಇಷ್ಟು.” ಸ್ಕೇಲು ತೋರಿಸಿದೆ.

ಅವಳು ಸ್ಕೇಲನ್ನೂ ನೋಡಿದಳು, ನನ್ನ ತಲೆಯ ಮೇಲಿದ್ದ ಟೋಪಿಯನ್ನೂ ನೋಡಿದಳು. ಏನೂ ಹೇಳಲಿಲ್ಲ.

ಮೊದಲ ಸಲ ಕ್ಲಚ್ಚು ಬಿಟ್ಟದ್ದು ಹೆಚ್ಚಾಗಿ ಕಾರು ಜರ್ಕು ಹೊಡೆದು ಆಫಾಯಿತು. ಅಳೆದು ನೋಡಿದರೆ ಏಳು ಅಂಗುಲ ಹೋಗಿತ್ತು. ಎರಡನೇ ಸಲ ಆರಡಿ ಹೋಗಿ ಕಾಂಪೌಂಡಿಗೆ ಒಂದು ಗೇಣು ಉಳಿಸಿ ನಿಂತಿತು. ಮಗಳ ಗಡಿಯಾರದಲ್ಲಿ 1.4 ಸೆಕೆಂಡು. ಅದು ಅಡಿಯದೋ ಆರಡಿಯದೋ ಅಂದರೆ “ನೀನು ಕಿರುಚಿದೆಯಲ್ಲ, ಆಗ ಒತ್ತಿದೆ” ಅಂದಳು. ಮೂರನೇ ಸಲ ಎಲ್ಲ ಸರಿಹೋಯಿತು, ಅವಳ ಬೆರಳು ಹೋಗಲಿಲ್ಲ. ಕಣ್ಣು ಕಂಡದ್ದು ಬೆರಳಿಗೆ ತಲುಪಲು ಮನುಷ್ಯರಿಗೆ ಬೇಕಾಗುವುದೂ ಸುಮಾರು ಕಾಲು ಸೆಕೆಂಡೇ. ಒತ್ತಬೇಕು ಅಂದುಕೊಳ್ಳುವಷ್ಟರಲ್ಲಿ ಅಡಿ ಮುಗಿದಿರುತ್ತಿತ್ತು. ಹನ್ನೊಂದು ಸಲ ಮಾಡಿದೆವು. ಪ್ರತಿ ಸಲವೂ ಕಾರನ್ನು ಹಿಂದಕ್ಕೆ ತಂದು ಗೆರೆಗೆ ಸರಿಯಾಗಿ ನಿಲ್ಲಿಸಬೇಕಲ್ಲ, ಅದಕ್ಕೇ ಎರಡೆರಡು ನಿಮಿಷ. ಪಕ್ಕದ ಮನೆಯವರು ಬಹಳ ಹೊತ್ತು ನಿಂತು ನೋಡಿ, ಕೊನೆಗೆ ತಡೆಯಲಾರದೆ ಗೇಟಿನ ಹತ್ತಿರ ಬಂದು “ಸ್ಟಾರ್ಟಾಗ್ತಿಲ್ವಾ? ತಳ್ಳಲಾ?” ಎಂದು ಕೇಳಿದರು. ಒಳ್ಳೆಯ ಜನ. ಬೇಡ, ಇದು ಟೆಸ್ಟಿಂಗ್, ಅಂದೆ. ಅವರು ಅಲ್ಲಿಂದೀಚೆಗೆ ನನ್ನನ್ನು ಕಂಡರೆ ಸ್ವಲ್ಪ ಮೆದುವಾಗಿ ಮಾತಾಡಿಸುತ್ತಾರೆ.

ಆ ಎರಡು ಗೆರೆಗಳು ಬಹಳ ದಿನ ಅಳಿಯಲಿಲ್ಲ. ಕಾರು ನಿಲ್ಲಿಸುವಾಗ ಚಕ್ರ ಎರಡನೇ ಗೆರೆಯ ಮೇಲೆಯೇ ಬರುವ ಹಾಗೆ ನೋಡಿಕೊಳ್ಳುತ್ತಿದ್ದೆ. ಯಾಕೆ ಅಂತ ಕೇಳಬೇಡಿ.

ಇದನ್ನೆಲ್ಲ ಗೆಳೆಯನಿಗೆ ಬರೆದರೆ ಅವನದು ಒಂದೇ ಸಾಲು: ‘ಆ ಅಡಿ ಎರಡು ಕಾರಿಗೂ ಬಿಟ್ಟಿದ್ದಾರಲ್ಲ?’ ಬಿಟ್ಟಿದ್ದಾರೆ, ನಿಜ. ಇಂಥ ಸಣ್ಣ ಬುದ್ಧಿಯ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ಬದಲಿಗೆ ಇತಿಹಾಸ ತೆಗೆದೆ. 1964ರ ಮಾರ್ಚಿನಲ್ಲಿ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ಅಮೆರಿಕದ ಪಾಂಟಿಯಾಕ್ ಜಿಟಿಒ ಮತ್ತು ಇಟಲಿಯ ಫೆರಾರಿ ಜಿಟಿಒ ಕಾರುಗಳನ್ನು ಎದುರುಬದುರು ನಿಲ್ಲಿಸಿತು. ಮುಖಪುಟದಲ್ಲಿ ಎರಡೂ ಜೊತೆಗೆ ಓಡುತ್ತಿವೆ, ಆದರೆ ಅದು ಬಿಡಿಸಿದ ಚಿತ್ರ. ಫೋಟೊ ತೆಗೆಯೋಣವೆಂದರೆ ಫೆರಾರಿ ಸಿಕ್ಕಿರಲೇ ಇಲ್ಲ. ಪಾಂಟಿಯಾಕ್ ಮಾತ್ರ ಓಡಿಸಿ ಎರಡನ್ನು ಹೋಲಿಸಿದ ಜಾಣರು. ಅದಾದರೂ ಸರಿಯಿತ್ತೇ? ಪಾಂಟಿಯಾಕ್ 60 ಮೈಲಿಯನ್ನು 4.6 ಸೆಕೆಂಡಿನಲ್ಲಿ ಮುಟ್ಟಿ ಎಲ್ಲರ ಕಣ್ಣು ಕುಕ್ಕಿತು. ಅಂಗಡಿಯಲ್ಲಿ ಸಿಗುವ ಕಾರಿನದು 389 ಘನ ಅಂಗುಲದ ಇಂಜಿನ್ನು. ಪರೀಕ್ಷೆಗೆ ಕೊಟ್ಟ ಕಾರಿನ ಬಾನೆಟ್ಟಿನಡಿ ಸದ್ದಿಲ್ಲದೆ 421ರದ್ದನ್ನು ಕೂರಿಸಿದ್ದರು. ಕಂಪನಿಯ ಪ್ರಚಾರ ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ಎಷ್ಟೋ ದಶಕ ಕಳೆದ ಮೇಲೆ ನಿಧಾನಕ್ಕೆ ಬಾಯಿಬಿಟ್ಟರು. ಅಷ್ಟರಲ್ಲಿ ಕೊಂಡವರು ಕೊಂಡಾಗಿತ್ತು, ಮೊದಲ ವರ್ಷವೇ 32,450 ಕಾರು. ಆ 32,450 ಜನ ತಂತಮ್ಮ ಕಾರು 4.6 ಸೆಕೆಂಡಿನದೆಂದು ಎಷ್ಟು ಜನರ ಮುಂದೆ ಎದೆ ತಟ್ಟಿಕೊಂಡರೋ! ಕಾರೂ ಸುಳ್ಳು ಹೇಳಲಿಲ್ಲ, ಅವರೂ ಹೇಳಲಿಲ್ಲ.

ಹಾಗಂತ ಪತ್ರಿಕೆಯವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. 1970ರ ದಶಕದ ಕೊನೆಯ ವರ್ಷಗಳಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ ಮಾಜ್ದಾ ಕಂಪನಿಯ ಕೆನಿಚಿ ಯಮಾಮೊಟೊ ಅವರ ಎದುರು ಕೂತು, ಹಳೆಯ ಬ್ರಿಟಿಷ್ ಕಾರುಗಳಂಥ ಹಗುರವಾದ, ಟಾಪಿಲ್ಲದ, ಎರಡು ಸೀಟಿನದೊಂದನ್ನು ಮಾಡಿ ಎಂದು ಹೇಳಿದ್ದಕ್ಕೆ, 1989ರಲ್ಲಿ ಎಂಎಕ್ಸ್-5 ಹುಟ್ಟಿತು. ಅಂಕ ಕೊಡುವುದನ್ನು ಬಿಟ್ಟು ಬಾಯಲ್ಲಿ ಹೇಳಿದಾಗ ಈ ಜನ ಎಷ್ಟು ಒಳ್ಳೆಯ ಕೆಲಸ ಮಾಡುತ್ತಾರೆ ನೋಡಿ. ಈ ಮಾತು ಇಲ್ಲಿ ಯಾಕೆ ಬಂತೆಂದು ವಿಚಾರಿಸಬಾರದು.

ಗಡಿಯಾರವನ್ನು ಧಿಕ್ಕರಿಸಿದ ಮಾಲೀಕರೂ ಉಂಟು. 2013ರಲ್ಲಿ ಪೋರ್ಷೆ 911 ಜಿಟಿ3 ಬರೀ ಆಟೊಮ್ಯಾಟಿಕ್ ಗೇರಿನಲ್ಲಿ ಬಂತು. ಕೈಗಿಂತ ಯಂತ್ರ ಬೇಗ ಗೇರು ಬದಲಿಸುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ನಮ್ಮ ಎಡಗಾಲಿಗೆ ಕೆಲಸ ಕೊಡಿ ಎಂದು ಜನ ಹಠ ಹಿಡಿದರು. 2016ರಲ್ಲಿ ಕ್ಲಚ್ಚಿರುವ 911 ಆರ್ ಬಂತು, ಲೆಕ್ಕ ಹಾಕಿ 991 ಕಾರು ಮಾತ್ರ. ಕೊಂಡವರಲ್ಲಿ ಕೆಲವರು ಮೂಲ ಬೆಲೆಯ ಎಷ್ಟೋ ಪಟ್ಟಿಗೆ ಮಾರಿಕೊಂಡರು. ಮರುವರ್ಷ ಜಿಟಿ3ಗೂ ಮೂರನೇ ಪೆಡಲು ತೆಪ್ಪಗೆ ವಾಪಸ್ಸಾಯಿತು. ನಿಧಾನದ ಕಾರಿಗಾಗಿ ಇಷ್ಟು ಜಗಳವಾಡಿದ ಈ ಮಹನೀಯರೇ ಸಂಜೆ ನಾಲ್ಕು ಜನ ಸೇರಿದರೆ ಸುತ್ತಿನ ಸಮಯವನ್ನು ದಶಾಂಶ ಸಮೇತ ಬಾಯಿಪಾಠ ಒಪ್ಪಿಸುತ್ತಾರೆ. ನಾನು ಅವರಲ್ಲೊಬ್ಬನಲ್ಲ. ನನಗೆ ಎರಡು ದಶಾಂಶದವರೆಗೆ ಮಾತ್ರ ನೆನಪಿರುತ್ತದೆ.

ಸಂಜೆಗೆ ಒಂದು ನಿರ್ಧಾರಕ್ಕೆ ಬಂದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗೆಳೆಯ ಆಡಿಕೊಳ್ಳುವ ಮೊದಲು, ನನಗೆ ನನ್ನ ಕಾರು ಯಾಕೆ ಇಷ್ಟ ಎಂಬುದನ್ನು ನೆಟ್ಟಗೆ ಬರೆದು ಕಳಿಸುವುದು. ‘ಸ್ಟೇರಿಂಗ್ ಮಾತಾಡುತ್ತದೆ’ ಎಂದು ಶುರುಮಾಡಿದೆ. ಹಿಂದಿನಿಂದ ಇಣುಕಿದ ಮಗಳು “ಏನಂತ ಮಾತಾಡುತ್ತೆ?” ಅಂದಳು. ಯೋಚಿಸಿದೆ. ಅದು ನನ್ನ ಮಾತಲ್ಲ, ಯಾವುದೋ ಹಳೆಯ ಸಂಚಿಕೆಯದು. ಅಳಿಸಿ, ‘ಗೇರು ಕೈಗೆ ತಾನಾಗಿ ಬಂದು ಬೀಳುತ್ತದೆ’ ಎಂದು ಬರೆದೆ. ಇದೂ ಪತ್ರಿಕೆಯದೇ, ಪ್ಲಾಸ್ಟಿಕ್ ಕವರಿನಲ್ಲಿದ್ದದ್ದು. ‘ತಿರುವಿನಲ್ಲಿ ರಸ್ತೆಯ ಜೊತೆ ಒಂದಾಗುತ್ತದೆ’, ಥೂ. ಕೊನೆಗೆ ಉಳಿದದ್ದು ‘ಬಣ್ಣ ಚೆನ್ನಾಗಿದೆ’ ಎಂಬ ಎರಡು ಪದ. ಅದನ್ನು ಕಳಿಸುವ ಧೈರ್ಯವಾಗಲಿಲ್ಲ. ನಾಳೆ ವಿವರವಾಗಿ ಬರೆಯುತ್ತೇನೆ ಎಂದು ಬರೆದು ಮುಗಿಸಿದೆ.

ಫೋನು ಕೆಳಗಿಡುವ ಮುನ್ನ ಆ ಪುಟವನ್ನು ಇನ್ನೊಮ್ಮೆ ನೋಡಿದೆ. ನಾಲ್ಕನೆಯ ಕಾರಿನ ಸುದ್ದಿಯನ್ನು ಬೆಳಗಿನಿಂದ ಯಾರೂ ಎತ್ತಿರಲಿಲ್ಲ. ಅಂಥದೇ ಕಾರಿರುವವನೊಬ್ಬ ನನಗೆ ಪರಿಚಯ. ಪಾಪ, ಅವನಿಗೆ ಗೊತ್ತೋ ಇಲ್ಲವೋ. ಸಂಚಿಕೆಯನ್ನು ದೀಪದ ಕೆಳಗೆ ಹಿಡಿದು, ಬೆರಳಿನ ನೆರಳು ಬೀಳದ ಹಾಗೆ, ಕೊನೆಯ ಸಾಲು ನಟ್ಟನಡುವೆ ಬರುವ ಹಾಗೆ ಫೋಟೊ ತೆಗೆದು ಕಳಿಸಿದೆ. ಏನೂ ಬರೆಯಲಿಲ್ಲ.

ಎರಡು ನಿಮಿಷಕ್ಕೆ ಉತ್ತರ ಬಂತು: ‘ಟೈರು ಯಾವುದಂತೆ?’