ಒಂದು ಮೀಟಿಂಗ್ ಹಿಡಿಸಲಿಲ್ಲ ಅಂತ ಎಎ ಬಿಡಬೇಡಿ

"ಎಎಗೆ ಒಂದ್ಸಲ ಹೋಗಿದ್ದೆ, ನಂಗೆ ಸೆಟ್ ಆಗ್ಲಿಲ್ಲ." ಎಎ ಅಂದ್ರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ತಮ್ಮ ಕಥೆ ಹೇಳಿಕೊಳ್ಳುವ ಗುಂಪು. ಕುಡಿತ ಬಿಡೋಕೆ ಹೊರಟವರ ಬಾಯಲ್ಲಿ ಈ ಮಾತು ತುಂಬಾ ಕೇಳಿದ್ದೇನೆ. ಮನೆಯವರೂ ಅಲ್ಲಿಗೇ ಕೈಚೆಲ್ಲುತ್ತಾರೆ. ಆದರೆ ಅವರು ನೋಡಿದ್ದು ಒಂದು ಗುಂಪನ್ನು, ಒಂದು ಸಂಜೆ ಮಾತ್ರ. ಇನ್ನೊಂದು ಏರಿಯಾದ ಮೀಟಿಂಗ್ ಬೇರೆಯದೇ ಥರ ಇರುತ್ತದೆ.

ಯಾಕೆ ಅಂದ್ರೆ ಅದರ ವ್ಯವಸ್ಥೆಯೇ ಹಾಗಿದೆ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಒಬ್ಬ ಷೇರು ವ್ಯಾಪಾರದವನು, ಒಬ್ಬ ಸರ್ಜನ್, ಇಬ್ಬರೂ ಕುಡುಕರು, ಕೂತು ಮಾತಾಡಿದ್ದರಿಂದ ಶುರುವಾದದ್ದು ಎಎ. ಇವತ್ತಿಗೂ ಅಲ್ಲಿ ಡಾಕ್ಟರ್ ಇಲ್ಲ, ಬಾಸ್ ಇಲ್ಲ, ಫೀಸ್ ಇಲ್ಲ. ಸದಸ್ಯರು ಕೈಲಾದಷ್ಟು ಹಾಕಿದ ದುಡ್ಡಲ್ಲೇ ಬಾಡಿಗೆ, ಟೀ ಎಲ್ಲಾ ನಡೆಯಬೇಕು. ಹೊರಗಿನವರ ದಾನ ಮುಟ್ಟುವುದಿಲ್ಲ. ಸೇರೋಕೆ ಬೇಕಾದ್ದು ಕುಡಿತ ಬಿಡಬೇಕು ಅನ್ನೋ ಆಸೆ ಒಂದೇ. ಪ್ರತಿ ಗುಂಪೂ ತನ್ನ ಕಾರುಬಾರು ತಾನೇ ನೋಡಿಕೊಳ್ಳುತ್ತದೆ. ಹಾಗಾಗಿ ಒಂದು ಕಡೆ ಪುಸ್ತಕ ಓದೋದು ಜಾಸ್ತಿ, ಇನ್ನೊಂದು ಕಡೆ ನಗು ಜಾಸ್ತಿ, ಮತ್ತೊಂದು ಕಡೆ ಹಳಬರದ್ದೇ ಭಾಷಣ.

ಹುಡುಕುವಾಗ ನಾನು ಮೊದಲು ನೋಡಿ ಅನ್ನೋದು ಭಾಷೆಯನ್ನು. ನಮ್ಮಣ್ಣ ಬೆಂಗಳೂರಲ್ಲಿ ಮೊದಲು ಹೋದದ್ದು ಇಂಗ್ಲಿಷ್ ಮೀಟಿಂಗ್‌ಗೆ. ಆಫೀಸಲ್ಲಿ ಇಂಗ್ಲಿಷ್ ಮಾತಾಡುವವನೇ. ಆದರೂ ಬಂದು ಹೇಳಿದ, "ಅಲ್ಲಿ ಎಲ್ಲಾರೂ ಇಂಗ್ಲಿಷ್‌ನಲ್ಲಿ ಅಳ್ತಾರೆ ಕಣೇ, ನಂಗೆ ಹಾಗೆ ಅಳೋಕೆ ಬರಲ್ಲ." ಕನ್ನಡ ಮೀಟಿಂಗ್ ಸಿಕ್ಕಮೇಲೆ ಬಾಯಿ ಬಿಟ್ಟ. ಹೆಂಡತಿಯ ಸರ ಅಡ ಇಟ್ಟದ್ದನ್ನ, ಮಗಳ ಸ್ಕೂಲಲ್ಲಿ ತೂರಾಡಿದ್ದನ್ನ ಹೇಳೋಕೆ ಮನೆಯಲ್ಲಿ ಬೈಸಿಕೊಂಡ ಭಾಷೆಯೇ ಬೇಕಾಗುತ್ತೆ. ಹೊರದೇಶದಲ್ಲಿರುವ ನಮ್ಮವರಿಗೂ ಇದೇ ಮಾತು. ಈಗ ಆನ್‌ಲೈನ್ ಮೀಟಿಂಗ್‌ಗಳಿವೆ, ಅಲ್ಲಿಂದಲೂ ಸೇರಿಕೊಳ್ಳಬಹುದು.

ಆಮೇಲೆ ಹೊತ್ತು. ಭಾನುವಾರ ಬೆಳಗ್ಗೆ ಹತ್ತಕ್ಕೆ ಹೋಗಿಬರೋದು ಸುಲಭ, ಒಪ್ಪುತ್ತೇನೆ. ಆದರೆ ಕಷ್ಟದ ಹೊತ್ತು ಅದಲ್ಲ. ಕೆಲಸ ಮುಗಿಸಿ ಬರುವ ದಾರಿಯಲ್ಲಿ ಬಾರ್‌ನ ಬೋರ್ಡ್ ಬೆಳಗುವ ಹೊತ್ತು ಕಷ್ಟದ್ದು. ಕುಡಿಯೋಕೆ ಕೂರುತ್ತಿದ್ದ ಆ ಸಮಯಕ್ಕೇ ಇರುವ ಮೀಟಿಂಗ್ ಹಿಡಿಯಿರಿ. ನಾಲ್ಕು ಜನ ನೋಡ್ತಾರೆ ಅನ್ನೋ ಅಂಜಿಕೆ ಇದ್ದರೆ ಪಕ್ಕದ ಏರಿಯಾಕ್ಕೆ ಹೋಗಿ. ತುಂಬಾ ದೂರ ಮಾತ್ರ ಬೇಡ. ಮಳೆ ಬಂದ ದಿನ ತಪ್ಪಿಸೋಕೆ ಅದೇ ನೆಪ ಆಗುತ್ತೆ.

ಮೂರನೆಯದು, ಮೀಟಿಂಗ್ ಮುಗಿದ ಮೇಲಿನ ಕಾಲು ಗಂಟೆ. ಹೊಸಬನನ್ನು ಯಾರಾದರೂ ಟೀಗೆ ಕರೆದು ಫೋನ್ ನಂಬರ್ ಕೊಡ್ತಾರಾ? ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಎತ್ತುತ್ತಾರಾ? ಸ್ಪಾನ್ಸರ್, ಅಂದ್ರೆ ಹೊಸಬನಿಗೆ ಜೊತೆಯಾಗಿ ದಾರಿ ತೋರಿಸುವ ಹಳೇ ಸದಸ್ಯ, ಸಿಗೋದು ಹೀಗೆ ಟೀ ಕುಡಿಯುವಾಗಲೇ. ಮುಗಿದ ತಕ್ಷಣ ಎಲ್ಲರೂ ಬೈಕ್ ಹತ್ತುವ ಗುಂಪಿನಲ್ಲಿ ಹೊಸಬ ನಿಲ್ಲುವುದು ಕಷ್ಟ.

ದೇವರ ವಿಷಯ ಬಂದೇ ಬರುತ್ತೆ. ಕುಡಿತದಿಂದ ಹೊರಬರೋಕೆ ಎಎ ಹಾಕಿಕೊಟ್ಟ 12 ಹೆಜ್ಜೆಗಳಲ್ಲಿ ದೇವರಿದ್ದಾನೆ, ಪ್ರಾರ್ಥನೆಯೂ ಇದೆ, ಎಷ್ಟೋ ಮೀಟಿಂಗ್ ನಡೆಯೋದು ಚರ್ಚಿನ ಕೋಣೆಯಲ್ಲಿ. ಮತಾಂತರ ಅಂತ ಅನುಮಾನ ಪಡುವವರಿದ್ದಾರೆ. ಅದು ಬರೀ ಜಾಗ ಕಣ್ರೀ. ದೇವರು ಅಂದ್ರೆ ಏನು ಅನ್ನೋದನ್ನೂ 'ನಾವು ತಿಳಿದುಕೊಂಡಂತೆ' ಅಂತ ಬಿಟ್ಟಿದ್ದಾರೆ. ನಾಸ್ತಿಕರೂ ಬರ್ತಾರೆ. ಇನ್ನು ಇದೆಲ್ಲಾ ಬರೀ ಮಾತು ಅನ್ನುವವರಿಗೆ: 2020ರಲ್ಲಿ ಚಿಕಿತ್ಸೆಗಳ ಬಗೆಗಿನ ಸಂಶೋಧನೆಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ಕುಡಿತವನ್ನು ಪೂರ್ತಿ ಬಿಟ್ಟಿರುವ ವಿಷಯದಲ್ಲಿ, ಜನರನ್ನು ಎಎ ಕಡೆಗೆ ಒಯ್ಯುವ ವ್ಯವಸ್ಥಿತ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗಿಂತ ಮೇಲೇ ಅಂತ ಕಂಡುಬಂತು.

ಹಳ್ಳಿ ಕಡೆ ಎಎ ಸಿಗದಿದ್ದರೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿವೆ. ಶಿಬಿರ ಮುಗಿದ ಮೇಲೆ ಎಲ್ಲಾ ಮುಗಿಯಿತು ಅಂದುಕೊಳ್ಳುವವರೇ ಜಾರೋದು. ಬಿಟ್ಟವರು ಸೇರುವ ನವಜೀವನ ಸಮಿತಿ ಇರುವುದೇ ಅದಕ್ಕೆ. ಹೆಂಗಸರ ಕಷ್ಟ ಬೇರೆ. ನಮ್ಮಲ್ಲಿ ಮೀಟಿಂಗ್ ತುಂಬಾ ಗಂಡಸರೇ. ಅಲ್ಲಿ ಒಬ್ಬಳೇ ಕೂತು ಮಾತಾಡು ಅನ್ನೋದು ಅನ್ಯಾಯ. ಹೆಂಗಸರದ್ದೇ ಆನ್‌ಲೈನ್ ಮೀಟಿಂಗ್‌ನಿಂದ ಶುರು ಮಾಡಿದರೆ ತಪ್ಪೇನಿಲ್ಲ.

ಒಂದು ಎಚ್ಚರಿಕೆ. ದಿನಾ ಬೆಳಗ್ಗೆಯಿಂದಲೇ ಕುಡಿಯುವವರು, ಕೈ ನಡುಗುವವರು ಮೀಟಿಂಗ್ ನಂಬಿ ಒಮ್ಮೆಲೇ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಬಡಬಡಿಸುವ ಸ್ಥಿತಿಗೂ ಹೋಗಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರ್. ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗವೋ, ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವೋ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡು ಬೀಳಲ್ಲ.

ಮತ್ತೆ ಮನೆಯವರೇ, ಅವರು ಅಲ್ಲಿ ಏನು ಹೇಳಿದರು ಅಂತ ಬಾಗಿಲಲ್ಲೇ ವಿಚಾರಣೆ ಶುರು ಮಾಡಬೇಡಿ. ಅಲ್ಲಿ ಆಡಿದ್ದು ಅಲ್ಲೇ ಇರಬೇಕು. ನಮ್ಮ ಹೊಟ್ಟೆ ಉರಿಯನ್ನ ಎಲ್ಲಿ ಹೇಳೋದು ಅಂತೀರಾ? ನಮಗೂ ಬೇರೆ ಮೀಟಿಂಗ್ ಇದೆ, ಅಲ್-ಅನಾನ್ ಅಂತ. ಅತ್ತಿಗೆ ಈಗ ಅಣ್ಣನಿಗಿಂತ ತಪ್ಪದೆ ಅಲ್ಲಿಗೆ ಹೋಗ್ತಾರೆ.